ಎದೆಯ ಎಡಕ್ಕೆ ಒಂದು ತೂತು

ಅಂಗಡಿಯ ಮಹಡಿಯಿಂದ
ಭಾನುವಾರ, ಮಾರ್ಚ್ ೯

ಮಗಳೇ,

ನೀನು, ಅಳಿಯಂದಿರು, ಮಕ್ಕಳು ಎಲ್ಲರೂ ಗಟ್ಟಿಮುಟ್ಟಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳು ಬಂದು ದಿಂಬಿನ ಕೆಳಗೆ ಕೂತಿವೆ. ಉತ್ತರ ಬರೆಯಲಿಲ್ಲ. ಕೈನೋವು ಎಂದು ಸುಳ್ಳು ಹೇಳಬಹುದಿತ್ತು. ನನ್ನ ಕೈ ಚೆನ್ನಾಗಿಯೇ ಇದೆ. ಈ ಸಲದ ತಂಟೆಯೆಲ್ಲ ಆ ಕೈಯದೇ.

ಫೋನ್ ಮಾಡಬಹುದಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಬಯ್ಯುತ್ತೇನೆ, ನೀನು ಹೂಂ ಹೂಂ ಅನ್ನುತ್ತೀಯ, ಮುಗಿಯಿತು. ಅಲ್ಲದೆ ಮನೆಯಲ್ಲಿ ಮಾತಾಡಿದರೆ ನಿನ್ನ ಅತ್ತಿಗೆಯ ಕಿವಿಗೆ ಬೀಳುತ್ತದೆ. ಈ ಮಾತನ್ನು ಅವಳ ಎದುರು ಇನ್ನೊಮ್ಮೆ ಆಡುವ ಧೈರ್ಯ ನನಗಿಲ್ಲ.

ಮೊದಲು ಸುದ್ದಿ. ನಿನ್ನ ಅಣ್ಣನ ಬೆನ್ನುನೋವು ಪರವಾಗಿಲ್ಲ. ಅವನು ಕೌಂಟರಿನಲ್ಲಿ ಕೂತು ರಸೀದಿ ಬರೆಯುತ್ತಾನೆ. ಜೀನ್ಸ್ ಬಂದರೆ ಮಿಷನ್ನಿನಲ್ಲಿ ಹೊಲಿದು ಕೊಡುತ್ತಾನೆ. ಎಳೆ ಕೂಡಿಸಿ ತೂತು ಮುಚ್ಚುವ ರಫೂ ಕೆಲಸ ನನ್ನದು ಮತ್ತು ನಿನ್ನ ಅತ್ತಿಗೆಯದು. ಹರಿದ ಕೋಟುಗಳು ಮೊದಲಿನಷ್ಟು ಬರುವುದಿಲ್ಲ. ಜನ ಹರಿದದ್ದನ್ನು ಎಸೆದು ಹೊಸದು ತರುತ್ತಾರೆ. ಬೀದಿಯ ಕೊನೆಯಲ್ಲಿ ಗಡಿಯಾರದವನ ಅಂಗಡಿ ಮುಚ್ಚಿತು. ಈಗ ಸಾಲಿನಲ್ಲಿ ರಿಪೇರಿ ಮಾಡುವವರು ಎಂದರೆ ನಾವು ಮತ್ತು ಛತ್ರಿಯವನು ಮಾತ್ರ.

ಮಾರುಕಟ್ಟೆಯ ಹಿಂದೆ ಹಳೆಯ ಸುಂಕದ ಕಟ್ಟೆ ಇತ್ತಲ್ಲ, ನೀವೆಲ್ಲ ಕಣ್ಣಾಮುಚ್ಚಾಲೆ ಆಡುತ್ತಿದ್ದದ್ದು, ಅಲ್ಲಿ ಈಗ ಸ್ವಾತಂತ್ರ್ಯ ಹೋರಾಟದ ಮ್ಯೂಸಿಯಂ ಆಗಿದೆ. ದೊಡ್ಡದೇನಲ್ಲ, ಎರಡೇ ಕೋಣೆ. ನಿನಗೆ ಚರಿತ್ರೆ ಕಲಿಸಿದ ಮೇಷ್ಟ್ರೇ ರಿಟೈರಾದ ಮೇಲೆ ಮನೆಮನೆ ಅಲೆದು ಸಾಮಾನು ಕೂಡಿಸಿದ್ದಾರೆ. ಒಂದು ಕೈಕೋಳ, ಕರಪತ್ರ ಅಚ್ಚು ಹಾಕಿದ ಮಿಷನ್ನು, ಗಾಜು ಒಡೆದ ಲಾಂದ್ರ, ಯಾರೋ ಜೈಲಿನಲ್ಲಿ ಕೂರುತ್ತಿದ್ದ ಬೆಂಚು. ಬೆಂಚಿನ ಮೇಲೆ 'ದಯವಿಟ್ಟು ಕೂರಬೇಡಿ' ಎಂಬ ಚೀಟಿ.

ಮ್ಯೂಸಿಯಂ ತೆರೆಯುವುದಕ್ಕೆ ಒಂದು ವಾರ ಮೊದಲು ಮೇಷ್ಟ್ರು ಒಂದು ಗಂಟು ಹಿಡಿದು ಅಂಗಡಿಗೆ ಬಂದರು. ಅದರಲ್ಲಿ ಒಂದು ಬಾವುಟ, ಒಂದು ಅಂಗಿ. ಬಾವುಟಕ್ಕೆ ನುಸಿ ಹಿಡಿದಿತ್ತು.

"ಬಾವುಟದ ತೂತು ಮುಚ್ಚಿಕೊಡಿ ತಾಯಿ. ಅಂಗಿಗೆ ಒಳಗಡೆ ಕತ್ತಿನ ಹತ್ರ ಒಂದು ಪಟ್ಟಿ ಕೊಟ್ರೆ ಸಾಕು, ನೇತು ಹಾಕಿದ್ರೆ ಹರೀಬಾರ್ದು. ನೀರಿಗೆ ಮಾತ್ರ ಹಾಕಬೇಡಿ," ಎಂದರು.

"ನೀರಿಗೆ ಹಾಕೋಕೆ ನಾವೇನು ಅಗಸರಾ ಮೇಷ್ಟ್ರೇ?" ಎಂದೆ. ಅವರು ನಕ್ಕು ಹೋದರು.

ಆ ಅಂಗಿ ಯಾರದು ಎಂದು ನಿನಗೆ ಗೊತ್ತು. ಶಾಲೆಯಲ್ಲಿ ಅವನ ಮೇಲೆ ಭಾಷಣ ಬಾಯಿಪಾಠ ಮಾಡಿದ್ದೆ ನೀನು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹುಡುಗ. ಪರದೇಶದವರ ಪೊಲೀಸರು ಮಾರುಕಟ್ಟೆಯಲ್ಲಿ ಗುಂಡು ಹಾರಿಸಿದಾಗ ಮೆರವಣಿಗೆಯ ಮುಂದಿದ್ದವನು. ಕೈಯಲ್ಲಿ ನೂತ ನೂಲಿನ ಅಂಗಿ, ಒರಟು ಬಟ್ಟೆ, ಒಂದು ಎಳೆ ದಪ್ಪ, ಒಂದು ಎಳೆ ಸಣ್ಣ. ತೋಳಿನ ತುದಿಯಲ್ಲಿ ಮಸಿಯ ಕಲೆ. ರಕ್ತದ ಕಲೆ ಎಂದೋ ಒಗೆದು ಹೋಗಿತ್ತು. ಎದೆಯ ಎಡಕ್ಕೆ ಬಟಾಣಿ ಗಾತ್ರದ ತೂತು, ಅಂಚು ಕಂದಾಗಿ ಸುಟ್ಟಿತ್ತು.

ನಾನು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಿನ್ನ ಅತ್ತಿಗೆ ಬಾವುಟ ಬಿಡಿಸುತ್ತ ಇದ್ದವಳು ತಲೆ ಎತ್ತಿದಳು.

"ಅತ್ತೆ, ಆ ತೂತು ಬಿಟ್ಬಿಡಿ."

"ಯಾಕೆ?"

"ಮೇಷ್ಟ್ರು ಹೇಳಿಲ್ವಲ್ಲ. ಅದು ಹಾಗೇ ಇರ್ಬೇಕೋ ಏನೋ. ಒಂದು ಮಾತು ಕೇಳೋಣ."

"ಮೇಷ್ಟ್ರಿಗೆ ಬಟ್ಟೆ ವಿಷಯ ಏನು ಗೊತ್ತು? ನಿಮ್ಮ ಮಾವನ ತಾಯಿ ಈ ಅಂಗಡಿ ಇಟ್ಟಾಗಿಂದ ತೂತು ಇರೋ ಬಟ್ಟೆ ಈ ಹೊಸ್ತಿಲು ದಾಟಿಲ್ಲ. ನೀನು ಬಂದು ದಾಟಿಸ್ತೀಯಾ?"

ಅವಳು ಬಾವುಟದ ಇನ್ನೊಂದು ಮಡಿಕೆ ಬಿಡಿಸಿದಳು. ಆಮೇಲೆ ಇನ್ನೊಮ್ಮೆ ಹೇಳಿದಳು, ಬಹಳ ಮೆಲ್ಲಗೆ: "ಬೇಡ ಅತ್ತೆ." ನಾನು ಕನ್ನಡಕದ ಮೇಲಿನಿಂದ ನೋಡಿದೆ. ನನ್ನ ಆ ನೋಟ ನಿನಗೆ ಗೊತ್ತಲ್ಲ. ಬಾವುಟ ಎತ್ತಿಕೊಂಡು ಒಳಗೆ ಹೋದಳು.

ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುತ್ತೇನೆ, ನಗಬೇಡ. ಅಷ್ಟು ದೊಡ್ಡ ಹುಡುಗ, ಊರಿನವರೆಲ್ಲ ನೋಡಲು ಬರುತ್ತಾರೆ, ಅವರ ಮುಂದೆ ತೂತು ಬಿದ್ದ ಅಂಗಿಯಲ್ಲಿ ನಿಲ್ಲಬೇಕೇ? ಅವನಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲವೇ ಎಂದು ಜನ ಅಂದುಕೊಳ್ಳುವುದಿಲ್ಲವೇ? ಹೀಗೆಂದುಕೊಂಡು ಕೂತೆ. ಅಂಗಿಯ ಕೆಳಗಿನ ಮಡಿಕೆಯಿಂದಲೇ ಎಳೆ ತೆಗೆದೆ, ದಪ್ಪಕ್ಕೆ ದಪ್ಪ, ಸಣ್ಣಕ್ಕೆ ಸಣ್ಣ ಹುಡುಕಿ. ಸುಟ್ಟ ಅಂಚಿನಲ್ಲಿ ಸೂಜಿ ನಿಲ್ಲುವುದಿಲ್ಲ, ಆದ್ದರಿಂದ ಸಣ್ಣ ಕತ್ತರಿಯಿಂದ ಅದನ್ನು ಸುತ್ತಲೂ ಕತ್ತರಿಸಿದೆ. ಕತ್ತರಿಸಿದ್ದು ಕರಿ ಧೂಳಿನ ಹಾಗೆ ಮಡಿಲಿಗೆ ಬಿತ್ತು. ಎದ್ದು ಕೊಡವಿದೆ.

ಹಗಲ ಬೆಳಕಿನಲ್ಲಿ ಹಲವು ಮಧ್ಯಾಹ್ನ ಹಿಡಿಯಿತು. ಮುಗಿದಾಗ ನನಗೇ ಎಲ್ಲಿತ್ತು ಎಂದು ಥಟ್ಟನೆ ಗೊತ್ತಾಗಲಿಲ್ಲ. ಮಗಳೇ, ಈ ವಯಸ್ಸಿನಲ್ಲಿ ಇಂಥ ಕೆಲಸ ಯಾರು ಮಾಡುತ್ತಾರೆ? ನಾನೇ ನನ್ನ ಬೆನ್ನು ತಟ್ಟಿಕೊಂಡೆ. ತೆರೆಯುವ ಹಿಂದಿನ ಸಂಜೆ ಅಂಗಿಯನ್ನು ಇಸ್ತ್ರಿ ಮಾಡಿ ಮಡಚಿ ಕಾಗದದಲ್ಲಿ ಸುತ್ತಿ ಕಳಿಸಿದೆ. ಮೇಷ್ಟ್ರು ಗಡಿಬಿಡಿಯಲ್ಲಿದ್ದರು. ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ನೇತು ಹಾಕಿ ಬೀಗ ಹಾಕಿದರಂತೆ.

ಮರುದಿನ ಮನೆಮಂದಿಯೆಲ್ಲ ಹೋದೆವು. ನಾನು ಒಳ್ಳೆಯ ಸೀರೆ ಉಟ್ಟಿದ್ದೆ. ಕರೆದು ಮುಂದೆ ಕೂರಿಸಿದರು. ಭಾಷಣದಲ್ಲಿ ಮೇಷ್ಟ್ರು ನಮ್ಮ ಅಂಗಡಿಯ ಹೆಸರು ಹೇಳಿದರು, ಬಾವುಟ ನೋಡಿ, ನುಸಿ ತಿಂದದ್ದು ಎಲ್ಲಿ ಎಂದು ಹುಡುಕಿ ಎಂದರು. ಜನ ಚಪ್ಪಾಳೆ ತಟ್ಟಿದರು. ಬಾವುಟ ನಿನ್ನ ಅತ್ತಿಗೆಯ ಕೆಲಸ. ಚಪ್ಪಾಳೆ ತೆಗೆದುಕೊಂಡವಳು ನಾನು.

ಆಮೇಲೆ ಎರಡನೇ ಕೋಣೆ. ಗಾಜಿನ ಪೆಟ್ಟಿಗೆಯ ಪಕ್ಕ ಗೋಡೆಗೆ ಹಲಗೆ. ನಿನ್ನ ಅಣ್ಣನ ಮಗಳಿಗೆ ಈಗ ಓದುವ ಹುಚ್ಚು, ಕಂಡದ್ದನ್ನೆಲ್ಲ ಜೋರಾಗಿ ಓದುತ್ತಾಳೆ. ಓದಿದಳು: "ಎದೆಯ ಎಡಭಾಗದಲ್ಲಿರುವ ಗುಂಡಿನ ಗುರುತನ್ನು ಗಮನಿಸಿ." ಓದಿ, ಗಾಜಿಗೆ ಮೂಗು ಒತ್ತಿ, "ಎಲ್ಲಿ?" ಎಂದಳು.

ಎಲ್ಲರೂ ಬಗ್ಗಿದರು. ಎಲ್ಲಿ, ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಿದರು. ಮೇಷ್ಟ್ರು ಕನ್ನಡಕ ಏರಿಸಿದರು, ಇಳಿಸಿದರು.

ಗೋಡೆಯ ಹತ್ತಿರ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅಂಗಿಯವನ ತಂಗಿ. ಅವನು ಸತ್ತಾಗ ಸಣ್ಣ ಹುಡುಗಿ. ಇಷ್ಟು ವರ್ಷ ಅಂಗಿ ಇದ್ದದ್ದು ಅವಳ ಪೆಟ್ಟಿಗೆಯಲ್ಲಿ. ಮೇಷ್ಟ್ರು ಕೈಕಾಲು ಹಿಡಿದು ಕೇಳಿದ್ದಕ್ಕೆ ಕೊಟ್ಟಿದ್ದಳಂತೆ. ಅವಳು ಎದ್ದು ಕೋಲು ಊರಿಕೊಂಡು ಬಂದಳು. ಪೆಟ್ಟಿಗೆ ತೆಗೆಸಿದಳು. ಕೈ ಒಳಗೆ ಹಾಕಿ, ಕಣ್ಣಿನಿಂದ ನೋಡಲೂ ಇಲ್ಲ, ತೋರುಬೆರಳನ್ನು ನೇರ ಆ ಜಾಗಕ್ಕೆ ಇಟ್ಟಳು. ಬೆರಳು ಒಳಗೆ ಹೋಗಲಿಲ್ಲ. ಸುತ್ತಮುತ್ತ ತಡಕಿದಳು. ಆಮೇಲೆ ಕೈ ತೆಗೆದು ಹೇಳಿದಳು:

"ಇದು ನಮ್ಮಣ್ಣನ ಅಂಗಿ ಅಲ್ಲ."

ಮೇಷ್ಟ್ರು ಹತ್ತಿರ ಬಂದರು. "ಅದೇ ಅಂಗಿ ಅಮ್ಮ, ನಾನೇ ಕೈಯಾರೆ..."

"ಬದಲಾಯಿಸಿದ್ದಾರೆ. ಯಾರೋ ಬದಲಾಯಿಸಿದ್ದಾರೆ. ನಾನು ಕೊಡಲ್ಲ ಅಂದೆ, ನೀವು ಕೇಳಲಿಲ್ಲ."

ಅಳಲಿಲ್ಲ ಅವಳು. ಅತ್ತಿದ್ದರೆ ವಾಸಿಯಿತ್ತು. ಬೆರಳನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದಳು, ಎಲ್ಲಿ ಇಡಬೇಕು ಎಂದು ತಿಳಿಯದವಳ ಹಾಗೆ.

ನಿನ್ನ ಅತ್ತಿಗೆ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುವ ನೋಟ. ನಾನು ಆ ಒಡೆದ ಲಾಂದ್ರವನ್ನು ನೋಡುತ್ತ ನಿಂತೆ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ.

ಅವಳೇ ಮುಂದೆ ಹೋದಳು. "ಅಜ್ಜಿ, ಅಂಗಿ ಬದಲಾಗಿಲ್ಲ. ಅದೇ ಅಂಗಿ. ನಾನು ಗೊತ್ತಾಗದೆ ರಫೂ ಮಾಡ್ಬಿಟ್ಟೆ."

"ನೀನಾ?" ಎಂದರು ಮೇಷ್ಟ್ರು. "ಏನಮ್ಮಾ ಇದು, ಒಂದು ಮಾತು ಕೇಳಬಾರದಿತ್ತಾ?"

"ತಪ್ಪಾಯ್ತು."

ಮುದುಕಿ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. "ಒಳ್ಳೇ ಕೈ. ಯಾರು ಕಲಿಸಿದ್ರು?"

"ಅತ್ತೆ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ. ಬಿಟ್ಟು ಏನಂದೆ ಗೊತ್ತೇ? "ಈಗಿನವರಿಗೆ ಅವಸರ ಜಾಸ್ತಿ. ನಾವು ಹೇಳಿದ್ದು ಎಲ್ಲಿ ಕೇಳ್ತಾರೆ," ಎಂದೆ. ನನ್ನ ಬಾಯಿಂದಲೇ ಬಂತು, ನನ್ನ ಧ್ವನಿಯಲ್ಲೇ. ನಾಲ್ಕು ಜನ ಹೌದು ಹೌದು ಎಂದು ತಲೆ ಆಡಿಸಿದರು.

ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಿ, ಆ ಅಂಗಿ ನೀನಲ್ವಾ ಹೊಲಿತಿದ್ದಿದ್ದು?" ನಿನ್ನ ಅತ್ತಿಗೆ ಅವಳ ಕೆನ್ನೆ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. "ದೊಡ್ಡೋರ ಮಧ್ಯೆ ಬಾಯಿ ಹಾಕಬಾರದು." ನಿನ್ನ ಅಣ್ಣ ಟಿಕೆಟನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ. ಮನೆಯಲ್ಲಿ ನಿನ್ನ ಅತ್ತಿಗೆ ಎಂದಿನಂತೆ ನನಗೇ ಮೊದಲು ಬಡಿಸಿದಳು.

ಹೀಗೇ ನುಂಗಿಕೊಂಡುಬಿಡುತ್ತಿದ್ದೆನೋ ಏನೋ. ನನ್ನನ್ನು ನಾನು ಬಲ್ಲೆ. ಆದರೆ ಅದೇ ವಾರ ವಕೀಲರ ಹೆಂಡತಿ ಒಂದು ಕೋಟು ತಂದಳು. ನಿನ್ನ ಅತ್ತಿಗೆ ಕೈ ಚಾಚಿದರೆ ಅವಳು ಕೋಟನ್ನು ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. "ದೊಡ್ಡಮ್ಮ, ನೀವೇ ಮಾಡಿ. ಸೊಸೆ ಕೈಗೆ ಕೊಡಬೇಡಿ, ಏನು ಮುಚ್ತಾಳೋ ಏನು ತೆಗೀತಾಳೋ," ಎಂದು ನಕ್ಕಳು. ನಿನ್ನ ಅತ್ತಿಗೆಯೂ ನಕ್ಕಳು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಮೇಜಿನ ಮೇಲೆ ಸರಿಯಾಗಿಯೇ ಇದ್ದ ದಾರದ ಉಂಡೆಯನ್ನು ಇನ್ನೊಮ್ಮೆ ಸರಿಮಾಡಿದಳು.

ಆ ಕೈಯನ್ನು ನೋಡಿದಾಗ ಮುದುಕಿಯ ಬೆರಳು ನೆನಪಾಯಿತು. ಚಪ್ಪಲಿ ಮೆಟ್ಟಿ ಹೊರಟೆ.

ಮೇಷ್ಟ್ರು ಒಬ್ಬರೇ ಇದ್ದರು, ಕೈಕೋಳಕ್ಕೆ ಎಣ್ಣೆ ಹಚ್ಚುತ್ತಿದ್ದರು. ನಿಂತಲ್ಲೇ ಹೇಳಿದೆ. "ಅಂಗಿಗೆ ಕೈ ಹಾಕಿದ್ದು ಸೊಸೆ ಅಲ್ಲ, ನಾನು. ಅವಳು ಬೇಡ ಅಂದ್ಲು. ಎರಡು ಸಲ ಅಂದ್ಲು."

ಅವರು ಬಟ್ಟೆಯಿಂದ ಕೈ ಒರೆಸಿಕೊಂಡರು. ಆಮೇಲೆ, "ಹೋಗಲಿ ಬಿಡಿ. ಈಗ ಬಿಚ್ಚೋಕಾಗುತ್ತಾ?" ಎಂದರು.

ಆಗುತ್ತದೆ ಎಂದು ಹೇಳಿ ಪಾರಾಗಬಹುದಿತ್ತು. ಬಿಚ್ಚಿದರೆ ದುಂಡಗೆ ತೂತು ಬರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೆಲಸದ ವಿಷಯದಲ್ಲಿ ನಾನು ಯಾವತ್ತೂ ಗಿರಾಕಿಗೆ ಸುಳ್ಳು ಹೇಳಿದವಳಲ್ಲ.

"ಬಿಚ್ಚಬಹುದು ಮೇಷ್ಟ್ರೇ. ಆದ್ರೆ ಸುಟ್ಟ ಅಂಚು ಕತ್ತರಿಸಿ ಹಾಕಿದ್ದೀನಿ. ಈಗ ಬಿಚ್ಚಿದ್ರೆ ಬರೋದು ಗುಂಡಿನ ತೂತಲ್ಲ, ನನ್ನ ಕತ್ತರೀದು."

ಮೇಷ್ಟ್ರು 'ಕೂರಬೇಡಿ' ಎಂದು ಚೀಟಿ ಹಚ್ಚಿದ್ದ ಬೆಂಚಿನ ಮೇಲೆಯೇ ಕೂತುಬಿಟ್ಟರು. "ಅವರು ಬರೋ ಹೊತ್ತಾಯ್ತು. ನೀವೇ ಹೇಳಿ," ಎಂದರು. ಮುದುಕಿ ಈಗಲೂ ದಿನಾ ಬಂದು ಅಂಗಿಯ ಮುಂದೆ ಕೂತು ಹೋಗುತ್ತಾಳಂತೆ. ಅಂಗಿ ತನ್ನ ಅಣ್ಣನದೇ ಎಂದು ಅವಳಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ.

ಅವಳು ಬಂದಳು. ಹೇಳಿದೆ. ಕಿವಿ ಮಂದ, ಆದ್ದರಿಂದ ನನ್ನ ತಪ್ಪನ್ನು ಕೂಗಿ ಹೇಳಬೇಕಾಯಿತು. ಅರ್ಧಕ್ಕೆ ಕೇಳಿಸಲಿಲ್ಲ ಎಂದಳು, ಮೊದಲಿನಿಂದ ಮತ್ತೆ ಕೂಗಿದೆ. ದೇವರು ಶಿಕ್ಷೆ ಕೊಟ್ಟರೆ ಹೀಗೇ ಕೊಡಬೇಕು.

ಎಲ್ಲ ಕೇಳಿ, "ಎಲ್ಲಿತ್ತು, ತೋರಿಸು," ಎಂದಳು.

ಅಂಗಿಯನ್ನು ಹೊರಗೆ ತೆಗೆದರು. ನನಗೂ ತಕ್ಷಣ ಸಿಗಲಿಲ್ಲ. ಒಳಮೈ ಹೊರಗೆ ಮಾಡಿ ಬಾಗಿಲ ಬೆಳಕಿಗೆ ಹಿಡಿದೆ. ಕೈನೂಲು ಅಲ್ಲವೇ, ಒಂದು ಜಾಗದಲ್ಲಿ ಎಳೆಗಳು ತುಸು ಒತ್ತಾಗಿ ಕಂಡವು. ಅವಳ ಬೆರಳು ಹಿಡಿದು ಅಲ್ಲಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಉಗುರಿನಿಂದ ಮೆಲ್ಲಗೆ ಉಜ್ಜಿದಳು.

"ದಪ್ಪ ಇದೆ," ಎಂದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಂತೆ: "ನಮ್ಮಮ್ಮನೂ ಇದನ್ನ ಹೊಲಿಯೋಕೆ ಕೂತಿದ್ಲು. ಅವನನ್ನ ಮಸಣಕ್ಕೆ ಕಳಿಸಿ ಬಂದ ದಿನಾನೇ. ಸೂಜಿಗೆ ದಾರನೂ ಪೋಣಿಸಿದ್ಲು. ಅಪ್ಪ ಕೈ ಹಿಡ್ಕೊಂಡು ಬಿಡಲಿಲ್ಲ. ಹೊಲಿದ್ರೆ ಏನೂ ಆಗಿಲ್ಲ ಅನ್ನೋ ಹಾಗಾಗುತ್ತೆ ಕಣೇ, ಅಂದ." ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ನಿನ್ನ ಕೈ ಹಿಡಿಯೋರು ಯಾರೂ ಇರಲಿಲ್ವಾ?"

"ಇದ್ಲು. ಸೊಸೆ. ನಾನು ಕೇಳಲಿಲ್ಲ."

"ಹೂಂ," ಎಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ನಾನೂ ಕೇಳಲಿಲ್ಲ. ಬಿಚ್ಚುವುದು ಬೇಡ ಎಂದು ಮಾತ್ರ ಹೇಳಿದಳು.

ಮೇಷ್ಟ್ರು ಹೊಸ ಹಲಗೆಗೆ ಕರಡು ಬರೆದು ತೋರಿಸಿದರು: 'ಎದೆಯ ಎಡಕ್ಕಿದ್ದ ಗುಂಡಿನ ತೂತನ್ನು ರಫೂ ಅಂಗಡಿಯ ಹಿರಿಯ ಹೆಂಗಸು ತಿಳಿಯದೆ ಮುಚ್ಚಿದ್ದಾರೆ.' ಒಳ್ಳೆಯ ಮನುಷ್ಯ, ನನ್ನ ಮರ್ಯಾದೆ ಉಳಿಸಲು ನೋಡಿದರು. 'ತಿಳಿಯದೆ' ಹೊಡೆದುಹಾಕಿಸಿದೆ. 'ಸೊಸೆ ಬೇಡವೆಂದರೂ ಕೇಳದೆ' ಎಂದು ಬರೆಸಿದೆ. ಈಗ ಅದು ಗೋಡೆಯ ಮೇಲಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಓದುತ್ತಾರೆ. ಛತ್ರಿಯವನು ಓದಿ ಬಂದು, "ದೊಡ್ಡಮ್ಮ, ಚರಿತ್ರೆಗೆ ಸೇರಿಬಿಟ್ರಿ," ಎಂದ. ಬೇರೆ ದಿನವಾಗಿದ್ದರೆ ಅವನ ಛತ್ರಿಯಿಂದಲೇ ಬಾರಿಸುತ್ತಿದ್ದೆ.

ನಿನ್ನ ಅತ್ತಿಗೆಯನ್ನು ನಾನೇ ಕರೆದುಕೊಂಡು ಹೋಗಿ ಹಲಗೆಯ ಮುಂದೆ ನಿಲ್ಲಿಸಿದೆ. ಓದಿದಳು. "ಅಕ್ಷರ ಸ್ವಲ್ಪ ದೊಡ್ಡದಾಯ್ತು ಅತ್ತೆ," ಎಂದಳು. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ವಕೀಲರ ಮನೆಯ ಕೋಟನ್ನು ಅವಳಿಗೇ ಕೊಟ್ಟಿದ್ದೇನೆ. ವಕೀಲರ ಹೆಂಡತಿಗೆ ಹೇಳಿಯೇ ಕೊಟ್ಟಿದ್ದೇನೆ.

ನಾಚಿಕೆ ಇದರಿಂದ ಕಡಿಮೆಯಾಯಿತೇ ಎಂದರೆ, ಇಲ್ಲ. ಮುಚ್ಚಿಟ್ಟದ್ದು ಹೊರಗೆ ಬಂತು, ಅಷ್ಟೇ.

ನಿನ್ನ ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಮಾತನ್ನು ಕೇಳಲಿ, ನೀನೂ ಅವರ ಮಾತನ್ನು ಕೇಳು. ನೀನಿರುವ ಮನೆ ತುಂಬಿರಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದರಲ್ಲಿ ಅರ್ಧ ನಿನಗಿರಲಿ. ಕೋಪ ಮಾತ್ರ ನನ್ನದು ಬರಬಾರದು.

ನಿನ್ನ
ಅಮ್ಮ

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನ ತಮ್ಮ ತೀರಿಕೊಂಡಾಗ ಆಸ್ಪತ್ರೆಯಿಂದ ಅವನ ಅಂಗಿ ಕೊಟ್ಟರಲ್ಲ, ಲಾರಿ ಹಾಯ್ದಾಗ ತೊಟ್ಟಿದ್ದದ್ದು. ನೀನು ಊರಿಂದ ಬಂದು ಇಳಿಯುವಷ್ಟರಲ್ಲಿ ಅದನ್ನು ಒಗೆದು, ರಫೂ ಮಾಡಿ, ಇಸ್ತ್ರಿ ಹಾಕಿ ಮಡಚಿಟ್ಟಿದ್ದೆ. ನೀನು ಬಿಡಿಸಿ ನೋಡಿ, "ಎಲ್ಲಿ ಹರಿದಿತ್ತು?" ಎಂದು ಕೇಳಿದೆ. ನಾನು "ಎಲ್ಲೂ ಇಲ್ಲ" ಎಂದೆ. "ಇದು ಅಂಗಡಿಯಲ್ಲಿ ಕೊಂಡ ಯಾವುದೋ ಅಂಗಿ ಥರ ಇದೆ," ಎಂದು ನೀನು ಕೆಳಗಿಟ್ಟು ಹೊರಟೆ. ಆಮೇಲೆ ನೀನು ಈ ಮನೆಗೆ ಬಂದಿಲ್ಲ. ನಿನ್ನೆ ಅದನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಹತ್ತಿರ ಕೂತೆ. ಬೆರಳಿನಿಂದ ಹುಡುಕಿದೆ, ಒಳಮೈ ಮಾಡಿ ಬೆಳಕಿಗೆ ಹಿಡಿದೆ. ಅದು ಮಿಲ್ಲಿನ ಬಟ್ಟೆ, ಎಳೆಯೆಲ್ಲ ಒಂದೇ ಸಮ. ನನ್ನ ಕೈಯೂ ಆಗ ಚೆನ್ನಾಗಿತ್ತು. ಹರಿದದ್ದು ಅವನ ಬಲಭುಜವೋ ಬೆನ್ನೋ, ಅದೂ ಈಗ ನೆನಪಿಗೆ ಬರುತ್ತಿಲ್ಲ. ಆ ದಿನ ನಿನಗೆ ಸುಳ್ಳು ಹೇಳಿದ್ದೆ. ಈಗ ನಿಜವಾಗಿಯೂ ಎಲ್ಲೂ ಇಲ್ಲ.